ಎರವಲು ಹೆಜ್ಜೆ

ಮಾದೇಶ ತೀರಿಕೊಂಡು ವರ್ಷದ ಮೇಲಾಗಿತ್ತು. ಹಾಗಿದ್ದೂ ಒಂದು ಮಂಗಳವಾರ ಬೆಳಿಗ್ಗೆ, ಮೈಸೂರಿನ ಕೆಸರೆಯಲ್ಲಿದ್ದ ಅವನ ಮನೆಯ ಮುಂದೆ ಅವನ ಹೆಜ್ಜೆಯ ಸದ್ದು ಕೇಳಿಸಿತು. ಬಲಗಾಲು ಧಪ್ಪೆಂದು ಊರುವುದು, ಎಡಗಾಲಿನ ಹಿಮ್ಮಡಿ ನೆಲವನ್ನು ಒಂದಿಷ್ಟು ಸವರುವುದು, ಮತ್ತೆ ಬಲಗಾಲು. ಹರೆಯದಲ್ಲಿ ಕುಸ್ತಿಯಾಡುವಾಗ ಎಡಮಂಡಿ ತಿರುಚಿಕೊಂಡ ಮೇಲೆ ಅವನು ಹಾಗೇ ನಡೆಯುತ್ತಿದ್ದ. ಒಳಗೆ ಸೊಪ್ಪು ಬಿಡಿಸುತ್ತ ಕೂತಿದ್ದ ತಾಯಿ ಜಯಶೀಲಮ್ಮನ ಕೈ ಅಲ್ಲೇ ನಿಂತಿತು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಮುಕ್ಕಾಲು ಪಾಲು ನುಂಗಿಹಾಕಿತ್ತು. ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು. ಕಿವಿ ಮಾತ್ರ ಮೊದಲಿನಂತೆಯೇ ಚುರುಕಾಗಿತ್ತು.

ಹೆಜ್ಜೆ ಅಂಗಳ ದಾಟಿತು. ಬಾಗಿಲ ತನಕ ಬಂದು ನಿಂತಿತು.

"ಮಾದೇಶಾ?"

"ನಾನು ಕಣವ್ವ, ಇಂಚರ."

ಹೊಸ್ತಿಲಾಚೆ ನಿಂತಿದ್ದವಳು ಮಗಳು. ಈ ಸಂಗತಿಯನ್ನು ಅವ್ವನಿಗೆ ಮೊದಲೇ ಹೇಳಿಬಿಡಬೇಕು ಎಂದು ವಾರದಿಂದ ಅಂದುಕೊಂಡಿದ್ದಳು, ಬಾಯಿ ಬಂದಿರಲಿಲ್ಲ. ಈಗ ಹೇಳೋಣವೆಂದರೆ ಇನ್ನೊಂದು ಪೇಚಾಟ ಶುರುವಾಗಿತ್ತು. ರಸ್ತೆಯುದ್ದಕ್ಕೂ ಪೈಲ್ವಾನನ ಠೀವಿಯಲ್ಲಿ ಬಂದ ಕಾಲು ಹೊಸ್ತಿಲ ಮುಂದೆ ನೆಲಕ್ಕೆ ಅಂಟಿಕೊಂಡಿತ್ತು. ಎಷ್ಟು ಜಗ್ಗಿದರೂ ಏಳಲಿಲ್ಲ. ಕೊನೆಗೆ ಪಕ್ಕದ ಮನೆಯವರು ಬಂದು ರಟ್ಟೆ ಹಿಡಿದು ಒಳಗೆ ದಾಟಿಸಿದರು.

ಅವ್ವ ತಡಕುತ್ತ ಬಂದು ನೆಲಕ್ಕೆ ಕೂತಳು. ಮಗಳ ಪಾದವನ್ನು ಕೈಯಿಂದ ಸವರಿ ನೋಡಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಇಂಚರಳಿಗೆ ಪಾರ್ಕಿನ್ಸನ್ ಕಾಯಿಲೆ ಬಂದಾಗ ಇನ್ನೂ ನಲವತ್ತು ತುಂಬಿರಲಿಲ್ಲ. ಅಷ್ಟುದ್ದದ ಹೆಸರು ಬೀದಿಯವರ ಬಾಯಲ್ಲಿ ನಿಲ್ಲದೆ ಎಲ್ಲರೂ ಅದನ್ನು ನಡುಕ ಅಂದರು. ಆದರೆ ನಡುಕ ಆ ಕಾಯಿಲೆಯ ಚಿಲ್ಲರೆ ತಂಟೆ. ದೊಡ್ಡ ಸಂಕಟವೆಂದರೆ, ಮೈಗೆ 'ಹೊರಡು' ಎಂದು ಹೇಳುವ ಮಿದುಳಿನ ದನಿಯೇ ದಿನದಿನಕ್ಕೆ ಸಣ್ಣದಾಗುವುದು. ಏಳಬೇಕೆಂದು ಮನಸ್ಸಿರುತ್ತದೆ, ಕಾಲಿನಲ್ಲಿ ಬಲವೂ ಇರುತ್ತದೆ, ಆದರೆ ಅಪ್ಪಣೆ ಮಾತ್ರ ಬರುವುದಿಲ್ಲ.

ಅಣ್ಣ ಮಾದೇಶ ಗರಡಿಮನೆಯ ಉಸ್ತಾದ. ಹೆಣ್ಣುಮಕ್ಕಳು ಕುಸ್ತಿಯಾಡುವ ಮಟ್ಟಿಯ ಮಣ್ಣಿಗೆ ಇಳಿಯಬಾರದು ಎಂದು ಹಿರಿಯರು ಗೊಣಗುತ್ತಿದ್ದಾಗಲೇ ತಂಗಿಯ ಕೈ ಹಿಡಿದು ಇಳಿಸಿದವನು. ಕಾಯಿಲೆ ಬಂತೆಂದು ಅವಳನ್ನು ಮೂಲೆಯಲ್ಲಿ ಕೂರಲು ಬಿಡಲಿಲ್ಲ. ಬಸ್ಕಿ ಹೊಡೆಸಿದ, ಗದೆ ತಿರುಗಿಸುವುದನ್ನು ಹೇಳಿಕೊಟ್ಟ, ಬಿದ್ದರೆ ಮೈ ಉರುಳಿಸಿ ಏಳುವುದನ್ನು ಕಲಿಸಿದ. ಕುಸ್ತಿಯವರು ಎದುರಾಳಿಯನ್ನು ಜೋಡಿ ಅನ್ನುತ್ತಾರೆ. "ಕಾಯಿಲೇನೂ ಒಂದು ಜೋಡಿ ಕಣೆ," ಎನ್ನುತ್ತಿದ್ದ. "ಗೆಲ್ಲೋಕಾಗಲ್ಲ, ಗೊತ್ತು. ಚಿತ್ ಆಗದಂಗೆ ಹಿಡ್ಕೊಂಡಿರು, ಸಾಕು."

ಆ ಕಾಲಕ್ಕೆ ಬನ್ನೂರು ರಸ್ತೆಯಲ್ಲಿ ನಡೆಕೋಶ ತೆರೆದಿತ್ತು. ಜನ ರಕ್ತ ಕೊಡುವ ಹಾಗೆ ಅಲ್ಲಿ ನಡಿಗೆ ಕೊಡುತ್ತಿದ್ದರು. ಮೈಗಂಟುವ ಒಂದು ಉಡುಪು ತೊಟ್ಟು ನಡೆದರೆ ಸ್ನಾಯುಗಳ ಲಯವೆಲ್ಲ ಅದರಲ್ಲಿ ದಾಖಲಾಗುತ್ತದೆ. ರೋಗಿಯ ತಲೆಬುರುಡೆಯ ಹಿಂದೆ ಕೂರಿಸಿದ ಉಗುರಗಲದ ಬಿಲ್ಲೆ ಆ ಲಯವನ್ನು ಮಿದುಳಿಗೆ ನುಡಿಸುತ್ತದೆ. ಮಿದುಳು ಹೇಳಲಾರದ ಅಪ್ಪಣೆಯನ್ನು ಬಿಲ್ಲೆ ಹೇಳುತ್ತದೆ, ಅಷ್ಟೆ. ಒಡಹುಟ್ಟಿದವರ ನಡಿಗೆಯಾದರೆ ಮೈ ಬೇಗ ಒಪ್ಪುತ್ತದೆ ಎಂದು ಗೊತ್ತಾದ ಕೂಡಲೇ ಮಾದೇಶ ಹೋಗಿ ಹೆಸರು ಬರೆಸಿ ಬಂದ. ಆದರೆ ಅಲ್ಲಿನ ಟ್ರೆಡ್‌ಮಿಲ್ ಪಟ್ಟೆಯ ಮೇಲೆ ಕಾಲಿಡಲಿಲ್ಲ. "ಅದರ ಮೇಲೆ ಓಡೋಕೆ ನಾನೇನು ಇಲೀನಾ? ಗರಡಿಗೆ ಬನ್ನಿ," ಅಂದುಬಿಟ್ಟ. ಅವರು ಯಂತ್ರಗಳನ್ನು ಹೊತ್ತು ಗರಡಿಗೇ ಬಂದರು. ಅವನು ಉಡುಪು ತೊಟ್ಟು ಮಟ್ಟಿಯಲ್ಲಿ ಸಾಮು ಮಾಡಿದ, ನಡೆದ, ಕುಸ್ತಿ ಆಡಿದ. "ನಿಂಗೆ ಬೇಕಾದಾಗ ತಗೊ," ಎಂದು ತಂಗಿಯ ತಲೆ ಸವರಿದ. ಆಗ ಮಾತ್ರೆಗಳು ಕೆಲಸ ಮಾಡುತ್ತಿದ್ದವು. ಅವಳು ನಕ್ಕಿದ್ದಳು.

ಮಾತ್ರೆಗಳು ಸೋಲುವ ಮೊದಲೇ ಅಣ್ಣ ಹೋದ. ಸಾಮು ಮುಗಿಸಿ ನಲ್ಲಿಯ ಹತ್ತಿರ ಚೊಂಬು ಹಿಡಿದು ನಿಂತವನ ಹೃದಯ ನಿಂತುಹೋಯಿತು. ಸುಟ್ಟು ಬೂದಿಯಾದವನದು ಲೋಕದಲ್ಲಿ ಇನ್ನೂ ಕದಲಬಲ್ಲದ್ದೇನಾದರೂ ಉಳಿದಿದ್ದರೆ ಅದು ನಡೆಕೋಶದಲ್ಲಿದ್ದ ಅವನ ನಡಿಗೆ ಮಾತ್ರ. ಅದನ್ನೇ ಇಂಚರ ತಲೆಗೆ ಹಾಕಿಸಿಕೊಂಡು ಮನೆಗೆ ಬಂದಿದ್ದಳು.

ನಡೆಕೋಶದ ಉದ್ದನೆಯ ಹಜಾರದಲ್ಲಿ ಅವಳ ನಡಿಗೆಗೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಿ ಬಾಗಿಲಿಲ್ಲ, ಮೆಟ್ಟಿಲಿಲ್ಲ. ನಿಗಾ ಕೋಣೆಯ ಗಾಜಿನಾಚೆ ಕೂತು ಡಾಕ್ಟರ್ ದೇಚಮ್ಮ ಗುಂಡಿ ಒತ್ತಿದರೆ ಇಂಚರ ಸರಸರನೆ ಹೋಗಿ ಬರುತ್ತಿದ್ದಳು. ದೇಚಮ್ಮ ಕೊಡಗಿನವರು. ಕೆಲಸದಲ್ಲಿ ಖಡಕ್ಕು, ಮಾತು ನೇರ. ಅವರ ಪರದೆಯ ಮೇಲೆ, ಎಲ್ಲೇ ಇರಲಿ, ಬಿಲ್ಲೆಗಳು ಕಳಿಸುವ ರೋಗಿಗಳ ನಡಿಗೆಗಳು ಗೆರೆಗೆರೆಯಾಗಿ ಹರಿಯುತ್ತಿದ್ದವು. ಇಂಚರಳ ಗೆರೆ ಮನೆಯ ಬಾಗಿಲಲ್ಲಿ, ಅಡುಗೆಮನೆಯ ಬಾಗಿಲಲ್ಲಿ, ಬಚ್ಚಲಿನ ಬಾಗಿಲಲ್ಲಿ ಪಟ್ಟನೆ ಚಪ್ಪಟೆಯಾಗುತ್ತಿತ್ತು.

"ಬಾಗಿಲಲ್ಲಿ ತಡೆಯೋದು ಈ ಕಾಯಿಲೆಯ ಗುಣ," ಎಂದರು ದೇಚಮ್ಮ. "ಅಲ್ಲಿ ಬಿಲ್ಲೆ ಇನ್ನೊಂದು ಸಲ ಮೊದಲಿಂದ ಶುರು ಮಾಡಬೇಕು. ಬೇರೆಯವರಿಗೆಲ್ಲ ಮಾಡ್ತದೆ. ನಿಮ್ಮದು ಏನನ್ನೋ ಕಾಯ್ತಾ ನಿಲ್ತದೆ. ಏನನ್ನ ಅಂತ ನನಗೂ ಗೊತ್ತಾಗ್ತಿಲ್ಲ."

ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ ಎಂಬ ಬಾಳು ಕೆಲವು ವಾರ ನಡೆಯಿತು. ಅವಳು ಹಲ್ಲು ಕಚ್ಚಿ ನುಗ್ಗಿದಾಗೆಲ್ಲ ಬಿದ್ದಳು. ಹಣೆ ಒಡೆಯಿತು. ಅಂಗಳದ ತನಕ ಬಂದು ನಿಂತುಹೋಗುವ ಆ ಹೆಜ್ಜೆಗೆ ಒಳಗೆ ಕೂತು ಕಿವಿಗೊಡುವುದು ಅವ್ವನಿಗೆ ಇನ್ನೂ ದೊಡ್ಡ ಹಿಂಸೆ. "ಹೊರಗೇ ನಿಲ್ಸ್‌ಬ್ಯಾಡ್ರೋ ಅವನ್ನ," ಎಂದು ಒಂದು ಸಲ ಬಾಯಿತಪ್ಪಿ ಅಂದುಬಿಟ್ಟಳು.

ಒಂದು ದಿನ ಸಿಟ್ಟಿನಲ್ಲಿ ಇಂಚರ ಗರಡಿಗೆ ಹೋದಳು. ಗರಡಿಯ ಬಾಗಿಲು ಕುಳ್ಳು, ತಲೆ ಬಗ್ಗಿಸದೆ ಯಾರೂ ಒಳಗೆ ಹೋಗಲಾರರು. ಅಲ್ಲೂ ಕಾಲು ಕೈಕೊಟ್ಟಿತು. ನುಗ್ಗಿದಳು, ಮುಗ್ಗರಿಸಿದಳು, ಹೊಸ್ತಿಲಾಚೆಗೆ ಅಂಗೈ ಊರಿ ಬಿದ್ದಳು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಮ್ಮಣ್ಣು ಕೈಗೆ ಮೆತ್ತಿತು. ಹುಡುಗಿಯಾಗಿದ್ದಾಗಿನ ರೂಢಿಯಿಂದ ಆ ಕೈಯನ್ನು ಹಣೆಗೆ ಒತ್ತಿಕೊಂಡಳು. ಅಷ್ಟೇ, ಮೈ ತಾನಾಗಿ ಎದ್ದಿತು, ಬಲಗಾಲು ಧಪ್ಪೆಂದು ಊರಿತು. ಮಟ್ಟಿಯ ಸುತ್ತ ಒಂದು ಸುತ್ತು ಬಂದು ಗೋಡೆಗೊರಗಿ ನಿಂತು, ಬಿಕ್ಕಿಬಿಕ್ಕಿ ಅತ್ತಳು.

ನಡೆಕೋಶದಲ್ಲಿ ದೇಚಮ್ಮ ಮಾದೇಶನ ಮೂಲ ದಾಖಲೆಯನ್ನು ತೆಗೆಸಿ ಅವಳ ಜೊತೆ ಕೂತು ನೋಡಿದರು. ಅವನು ಪ್ರತಿ ಸಲ ಮಟ್ಟಿಗೆ ಇಳಿಯುವ ಮುಂಚೆ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡಿದ್ದ. ನೀರು ಕುಡಿಯಲು ಹೊರಗೆ ಹೋಗಿ ಬಂದರೂ ಮತ್ತೆ ಅದೇ. ಗರಡಿಯವರು ಯಾರೂ ಮಣ್ಣು ಮುಟ್ಟದೆ ಒಳಗೆ ಕಾಲಿಡುವುದಿಲ್ಲ. ನಡೆಕೋಶದಲ್ಲಿ ದಾಖಲೆಯನ್ನು ಬಿಲ್ಲೆಗೆ ಇಳಿಸುವ ಮುಂಚೆ ಸೋಸುತ್ತಾರೆ. ಕೆಮ್ಮಿದ್ದು, ಮೈ ಕೆರೆದುಕೊಂಡದ್ದು, ಸುಮ್ಮನೆ ನಿಂತದ್ದೆಲ್ಲ ಹೋಗುತ್ತದೆ. ಅದರ ಜೊತೆಗೆ ಈ ನಮಸ್ಕಾರವೂ ಹೋಗಿತ್ತು.

"ಪೂಜೆ ಪುನಸ್ಕಾರ, ನಡಿಗೆಗೆ ಸಂಬಂಧ ಇಲ್ಲ ಅಂತ ತೆಗೆದುಬಿಟ್ಟಿದ್ದೇವೆ," ಎಂದರು ದೇಚಮ್ಮ. ದನಿ ಇಳಿದಿತ್ತು. "ನಿಮ್ಮಣ್ಣನ ಮೈಗೆ ಅದೇ ಶುರು. ನಾವು ಶುರುವನ್ನೇ ಕತ್ತರಿಸಿ ಬಾಕಿ ಕೊಟ್ಟಿದ್ದೇವೆ."

"ಈಗ ಸೇರಿಸಬಹುದಾ ಮೇಡಂ?"

"ಸೇರಿಸೋದು ಯಾಕೆ? ನೀವೇ ಮಾಡ್ತಿದ್ದೀರಲ್ಲ. ಮುಟ್ಟಿ, ಹೋಗಿ."

ಅಲ್ಲಿಂದ ಇಂಚರ ಊರಿಗೇ ದೊಡ್ಡ ಭಕ್ತೆಯಾದಳು. ಮನೆಯ ಹೊಸ್ತಿಲಿಗೆ ಸರಿ, ದಿನಸಿ ಅಂಗಡಿಯ ಮೆಟ್ಟಿಲಿಗೂ ಬಗ್ಗಿ ನಮಸ್ಕಾರ, ಬ್ಯಾಂಕಿನ ಬಾಗಿಲಿಗೂ ನಮಸ್ಕಾರ, ಆಸ್ಪತ್ರೆಯ ಶೌಚಾಲಯಕ್ಕೂ ನಮಸ್ಕಾರ. ಬಸ್ಸಿನ ಮೆಟ್ಟಿಲು ಮುಟ್ಟಿ ಹಣೆಗೊತ್ತಿಕೊಂಡಾಗ ಕಂಡಕ್ಟರ್, "ಅಕ್ಕಾ, ನಮ್ಮ ಡಿಪೋ ಮ್ಯಾನೇಜರ್ರೇ ಈ ಗಾಡಿಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ," ಅಂದ. ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ನಗಲು ಮುಖದ ಸ್ನಾಯುಗಳು ಒಪ್ಪಿ ಬಹಳ ಕಾಲವಾಗಿತ್ತು.

ಬೆಳಗಿನ ಹೊತ್ತು ಗರಡಿಯಲ್ಲಿ ನಡುಕದವರ ಗುಂಪೊಂದನ್ನು ಕಟ್ಟಿದಳು. ಒಂದು ಕಾಲಕ್ಕೆ ಲಾರಿ ಓಡಿಸುತ್ತಿದ್ದವರು, ಹೂ ಕಟ್ಟುತ್ತಿದ್ದಾಕೆ, ಮೇಷ್ಟರು, ಹೀಗೆ. ಗದೆ ಎತ್ತಲಾರದವರಿಗೆ ಒನಕೆ ಕೊಟ್ಟಳು, ಒನಕೆ ಆಗದವರಿಗೆ ಕೋಲು. ಇಬ್ಬಿಬ್ಬರನ್ನು ಜೋಡಿ ಕಟ್ಟಿ, ರಟ್ಟೆಗೆ ರಟ್ಟೆ ಕೊಟ್ಟು ತಳ್ಳಾಡಿಸಿದಳು. ಸೋಲು ಗೆಲುವಿನ ಮಾತೇ ಇರಲಿಲ್ಲ. ಬೀಳದೆ ನಿಂತವರು, ಬಿದ್ದು ಎದ್ದವರು, ಇಬ್ಬರೂ ಮಣ್ಣು ಕೊಡವಿಕೊಂಡು ಮನೆಗೆ ಹೋಗುತ್ತಿದ್ದರು.

ಅವ್ವ ಮಾತ್ರ ಬೇರೆಯೇ ಆದಳು. ಮಗ ಹೋದಾಗಿನಿಂದ ಎರಡು ತುತ್ತಿಗೇ ಕೈ ತೊಳೆಯುತ್ತಿದ್ದವಳು ಈಗ ಹೊಟ್ಟೆ ತುಂಬ ಉಂಡಳು. ಮಗಳು ಗರಡಿಯಿಂದ ಬರುವ ಹೊತ್ತಿಗೆ ಮಾದೇಶನ ಮಣೆಯನ್ನು ಬಾಗಿಲ ಪಕ್ಕಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಅಂಗಳದಲ್ಲಿ ಹೆಜ್ಜೆ ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹೊಸ್ತಿಲನ್ನು ಕೈ ಸವರುವ ಸದ್ದು, ಆಮೇಲೆ ಧಪ್ಪನೆ ಬಲಗಾಲು. ಮಗ ಇಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೇನೂ ಬುದ್ಧಿಭ್ರಮಣೆಯಾಗಿರಲಿಲ್ಲ. ಆ ಒಂದು ಗಳಿಗೆ ಮಾತ್ರ ತನ್ನದು ಎಂದು ಇಟ್ಟುಕೊಂಡಿದ್ದಳು.

ಮಳೆಗಾಲ ಕಳೆದ ಮೇಲೆ ತಪಾಸಣೆಗೆ ಹೋದಾಗ ದೇಚಮ್ಮ ತುಂಬ ಖುಷಿಯಲ್ಲಿದ್ದರು. ಪರದೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದರು.

"ಇದು ನಿಮ್ಮಣ್ಣ. ಇದು ಈಗಿನ ನೀವು. ನೋಡಿ, ಬೇರೆ ಆಗ್ತಾ ಇದೆ. ನೀವು ಮಾಡೋ ಒಂದೊಂದು ಸಾಮನ್ನೂ ಬಿಲ್ಲೆ ಕಲಿತಾ ಇದೆ. ಅವರ ಲಯದ ಜಾಗದಲ್ಲಿ ನಿಮ್ಮ ಲಯ ಕೂರ್ತಿದೆ. ನಮಗೆ ಬೇಕಾದ್ದೇ ಇದು."

ಇಂಚರ ಗೆರೆಗಳನ್ನು ನೋಡುತ್ತ ಕೂತಳು. "ಅಂದ್ರೆ ಅಣ್ಣನದು ಹೋಗ್ತದೆ."

"ಎರವಲು ನಡಿಗೆ ಎಷ್ಟು ದಿನ ನಡೀತದೆ? ನಿಮ್ಮದಾದರೆ ಕಾಯಿಲೆಯನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಬಹುದು."

"ಹಂಗೇ ಉಳಿಸ್ಕೊಳ್ಳೋಕಾಗಲ್ವಾ?"

"ಬೀಗ ಹಾಕಬಹುದು. ಆಗ ಬಿಲ್ಲೆ ಏನೂ ಕಲಿಯೋದಿಲ್ಲ. ಆದರೆ ನೀವು ಸಾಮು ಬಿಡಬೇಕು. ನಿಮ್ಮ ಮೈ ಒಂದು ಕಡೆ, ಬಿಲ್ಲೆ ಒಂದು ಕಡೆ ಎಳೆದರೆ ಬೀಳ್ತೀರಿ. ಸಾಮು ಬಿಟ್ಟರೆ ಕಾಯಿಲೆ ತನ್ನ ದಾರಿ ಹಿಡೀತದೆ. ಕೊನೆಗೆ ಬಿಲ್ಲೆ ನುಡಿಸ್ತಾ ಇರ್ತದೆ, ಮೈ ಕೇಳೋದಿಲ್ಲ." ದೇಚಮ್ಮ ಅವಳ ಮುಖ ನೋಡಿದರು. "ಮೂಲ ಪ್ರತಿ ಇಲ್ಲಿ ಭದ್ರವಾಗಿರ್ತದೆ. ಆದರೆ ಅದು ನಡೆಯೋಕೆ ಒಂದು ಮೈ ಬೇಕು. ಅಂಥ ಮೈ ನಿಮ್ಮದೊಂದೇ."

ಇಂಚರಳ ಕಣ್ಣ ಮುಂದೆ ಬಂದದ್ದು ಬಾಗಿಲ ಪಕ್ಕದ ಮಣೆ. ಒಬ್ಬ ಮಗನನ್ನು ಎಷ್ಟು ಸಲ ಕಳೆದುಕೊಳ್ಳಬೇಕು ಒಬ್ಬ ತಾಯಿ? "ಬೀಗ ಹಾಕಿಬಿಡಿ ಮೇಡಂ," ಅಂದಳು. ದೇಚಮ್ಮ ವಾದಿಸಿದರು, ಗದರಿದರು. ಮೈ ಅವಳದು, ಮಾತು ಅವಳದೇ ನಡೆಯಿತು.

ಗುಂಪನ್ನು ಮೇಷ್ಟರ ಕೈಗೆ ಒಪ್ಪಿಸಿದಳು. ಅವ್ವನಿಗೆ ಹೇಳಲಿಲ್ಲ. ದಿನಾ ಅದೇ ಹೊತ್ತಿಗೆ ಹೊರಟು, ಗರಡಿಯ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು, ಒಳಗಿನವರ ಹುಂಕಾರ ಕೇಳಿಸಿಕೊಂಡು, ಅದೇ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಹೊಸ್ತಿಲು ಮುಟ್ಟಿ ಧಪ್ಪನೆ ಒಳಗೆ ಕಾಲಿಡುವಾಗ ಅವ್ವನ ಮುಖ ನೋಡುತ್ತಿದ್ದಳು. ಆ ಮುಖವೇ ಅವಳಿಗೆ ಕೂಲಿ.

ಮೈ ಸುಮ್ಮನಿರಲಿಲ್ಲ. ಮೊದಲು ಬೆರಳು ಹೋಯಿತು, ಅಂಗಿಯ ಗುಂಡಿ ಹಾಕಲು ಆಗದಾಯಿತು. ಆಮೇಲೆ ದನಿ ಒಳಗಿಳಿಯಿತು. ಕಾಲು ಮಾತ್ರ ಮಾದೇಶನ ಠೀವಿಯಲ್ಲೇ ಹೋಗುತ್ತಿತ್ತು. ಮೇಲಿನ ಮೈ ಕೊರಡಾಗುತ್ತ ಬಂದು, ಕೆಳಗಿನ ಹೆಜ್ಜೆಗೆ ಸರಿಗೂಡುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅಂಗಳದಲ್ಲೇ ಬಿದ್ದಳು. ಬಿದ್ದರೆ ಉರುಳುವುದನ್ನು ಅಣ್ಣ ಕಲಿಸಿದ್ದ. ಮೈಗೆ ಅದು ಮರೆತುಹೋಗಿತ್ತು. ಮುಂಗೈ ಮುರಿಯಿತು.

ಕೈಗೆ ಕಟ್ಟು ಹಾಕಿಸಿಕೊಂಡು ಬಂದ ದಿನ ಅವ್ವ ಅವಳನ್ನು ಹತ್ತಿರ ಕೂರಿಸಿಕೊಂಡಳು. ಭುಜಕ್ಕೆ ಮೂಗು ತಾಗಿಸಿದಳು.

"ನಿನ್ನ ಬಟ್ಟೇಲಿ ಮಣ್ಣಿನ ವಾಸ್ನೆ ಇಲ್ದೆ ಎಷ್ಟೋ ತಿಂಗಳಾಯ್ತು. ಕೇಳಾಣ ಕೇಳಾಣ ಅಂತಿದ್ದೆ. ಗರಡಿ ಯಾಕ್ ಬಿಟ್ಟೆ?"

ಇಂಚರ ಸುಳ್ಳು ಹುಡುಕಿದಳು. ಸಿಗಲಿಲ್ಲ. ಎಲ್ಲ ಹೇಳಿದಳು, ಗೆರೆ, ಬೀಗ, ಮಣೆ.

"ನಂಗೋಸ್ಕರ ಮಾಡ್ದ್ಯಾ?"

"ಹೂಂ."

"ಕೇಳೋಕೆ ನಂಗೆ ಆಸೆ ಇತ್ತು, ಸುಳ್ಳು ಹೇಳಲ್ಲ. ಅದನ್ನ ಕೇಳ್ದೆ ಇದ್ರೆ ಬೆಳಗೇ ಆಗ್ತಿರ್ಲಿಲ್ಲ ನಂಗೆ." ಅವ್ವ ಮಗಳ ಕೈಯ ಕಟ್ಟನ್ನು ಸವರಿದಳು. "ಅಂಗಂತ, ಅವನ ಸದ್ದು ಕೇಳೋಕೆ ನಿನ್ನ ಮುರುಕೊಂಡು ಕೂರೋಕೆ ನಾನೇನು ರಾಕ್ಷಸೀನೇನೇ? ಅವನು ನಿಂಗೆ ಕಾಲು ಕೊಟ್ಟಿದ್ದು ಎದ್ದು ಓಡಾಡ್ಲಿ ಅಂತ. ನಂಗೆ ಗಿಲಕಿ ಆಡ್ಸಿ ತೋರ್ಸು ಅಂತಲ್ಲ. ನಾಳೆನೇ ಹೋಗಿ ಬೀಗ ತೆಗ್ಸು."

"ಅವ್ವ, ತೆಗೆದ್ರೆ ಅವನು..."

"ಗೊತ್ತಾಯ್ತು ಕಣೆ. ಎರಡೆರಡು ಸಲ ಹೇಳ್ಬೇಡ."

ಬೀಗ ತೆಗೆದರು. ಕಳೆದುಕೊಂಡ ತಿಂಗಳುಗಳು ಮಾತ್ರ ವಾಪಸು ಬರಲಿಲ್ಲ. ಅಷ್ಟರಲ್ಲಿ ಹೋದದ್ದು ಹೋಯಿತು ಎಂದು ದೇಚಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಎಡಗೈ ಬೆರಳುಗಳು ಇನ್ನು ಮುಂದೆ ಹಾಗೇ. ಇದ್ದಷ್ಟರಲ್ಲೇ ಇಂಚರ ಮತ್ತೆ ಮಟ್ಟಿಗೆ ಇಳಿದಳು. ಮುರಿದ ಕೈ ಕೂಡುವ ತನಕ ಬಸ್ಕಿ, ಕೂಡಿದ ಮೇಲೆ ಕೋಲು. ಅವ್ವ ಈಗ ಅವಳ ತೋಳು ಹಿಡಿದು ಗರಡಿಗೇ ಬಂದು, ಬಾಗಿಲ ಒಳಗಿನ ಕಲ್ಲಿನ ಮೇಲೆ ಕೂರುತ್ತಿದ್ದಳು. ಮಗಳು ಮಟ್ಟಿಯ ಸುತ್ತ ಹಾಕುವ ಹೆಜ್ಜೆಗಳಿಗೆ ಕಿವಿಗೊಡುತ್ತಿದ್ದಳು.

"ಇವತ್ತು ಎಡಗಾಲು ಸವರ್ಲಿಲ್ಲ," ಎಂದಳು ಒಂದು ದಿನ ಮನೆಗೆ ಬರುವ ದಾರಿಯಲ್ಲಿ. ಇನ್ನೊಂದು ದಿನ, "ಬಲಗಾಲು ಮೆತ್ತಗಾಯ್ತು, ನಿನ್ನಷ್ಟೇ ಹಗೂರ." ಮತ್ತೆ ಕೆಲವು ದಿನಕ್ಕೆ, "ತಿರುಗೋವಾಗ ಮಾತ್ರ ಅವನೇ ಕಣೆ ಇನ್ನೂ." ಇಂಚರ ಅವ್ವನ ತೋಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಸಾಮು ಮಾಡುವಾಗೆಲ್ಲ ಅಣ್ಣನನ್ನು ಕೈಯಾರೆ ಒರೆಸಿಹಾಕುತ್ತಿದ್ದೇನೆ ಅನ್ನಿಸುತ್ತಿತ್ತು. ಮಾಡದೆ ಬಿಡುವ ಹಾಗೂ ಇರಲಿಲ್ಲ. ಬಿಸಿಲು ಏರಿದಂತೆ ಅವ್ವನಿಗೆ ನಡೆಯುವುದು ಕಷ್ಟವಾಗಿ, ಗರಡಿಗೆ ಬರುವುದನ್ನು ಬಿಟ್ಟು ಮತ್ತೆ ಬಾಗಿಲ ಪಕ್ಕದ ಮಣೆಗೆ ಮರಳಿದಳು.

ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಅಂದು ಅಡುಗೆ ತಡವಾಗಿ ಅವ್ವ ಒಲೆಯ ಮುಂದೆಯೇ ಇದ್ದಳು. ಮಣೆ ಬಾಗಿಲಲ್ಲಿ ಖಾಲಿಯಿತ್ತು. ಬೆಳ್ಳುಳ್ಳಿ ಒಗ್ಗರಣೆಯ ಘಾಟು ಮನೆಯೆಲ್ಲ ತುಂಬಿತ್ತು. ಗರಡಿಯಿಂದ ಬಂದ ಇಂಚರ ಚಪ್ಪಲಿ ಬಿಟ್ಟು, ಮೇಷ್ಟರು ಆವತ್ತು ಮಟ್ಟಿಯಲ್ಲಿ ಉರುಳಿ ಎದ್ದದ್ದನ್ನು ನೆನೆದು ತನ್ನಷ್ಟಕ್ಕೆ ನಗುತ್ತ ಒಳಗೆ ಬಂದಳು. ನಡುಮನೆಯ ಅರ್ಧ ದಾಟಿದ್ದಳು. ಅಡುಗೆಮನೆಯಿಂದ ಅವ್ವನ ದನಿ ಬಂತು.

"ಯಾರಮ್ಮ ಬಂದಿದ್ದೀರಿ? ಕೂತ್ಕೊಳ್ಳಿ, ಮಗಳು ಗರಡಿಗೆ ಹೋಗವ್ಳೆ, ಇನ್ನೇನು ಬತ್ತಾಳೆ."

ಇಂಚರ ನಿಂತಲ್ಲೇ ನಿಂತಳು. ಹೊಸ್ತಿಲು ಮುಟ್ಟದೆಯೇ ಒಳಗೆ ಬಂದಿದ್ದೇನೆ ಎಂಬುದು ಆಗ ಹೊಳೆಯಿತು. ಕಾಲು ಯಾರ ಅಪ್ಪಣೆಗೂ ಕಾಯದೆ ಬಾಗಿಲು ದಾಟಿತ್ತು. ದೇಚಮ್ಮ ಇಷ್ಟು ದಿನ ಎದುರು ನೋಡುತ್ತಿದ್ದದ್ದು ಇದನ್ನೇ. ಪರದೆಯ ಮುಂದೆ ಅವರು ಈಗ ಚಪ್ಪಾಳೆ ಹೊಡೆಯುತ್ತಿರಬೇಕು.

ಅವಳು ಹಿಂದಕ್ಕೆ ಹೋದಳು. ಹೊರಗಿಳಿದು, ಬಗ್ಗಿ, ಹೊಸ್ತಿಲನ್ನು ಅಂಗೈಯಿಂದ ಸವರಿ ಹಣೆಗೆ ಒತ್ತಿಕೊಂಡು, ಬಲಗಾಲನ್ನು ಬೇಕೆಂದೇ ಜೋರಾಗಿ ಊರಿ ಮತ್ತೆ ಒಳಗೆ ಬಂದಳು. ಎರಡು ಹೆಜ್ಜೆಗೇ ಆ ಜೋರು ಉಳಿಯಲಿಲ್ಲ. ಹೆಜ್ಜೆ ಹಗುರವಾಗಿ, ಸರಿಸಮವಾಗಿ, ಯಾರೋ ಒಬ್ಬ ಹೆಂಗಸಿನ ಹೆಜ್ಜೆಯಾಗಿ ನಡುಮನೆ ದಾಟಿತು.

ಅವ್ವ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ನೀನಾ ಮಗ."

"ನಾನು ಕಣವ್ವ."

"ಬ್ಯಾಡ ಬಿಡು ಅದೆಲ್ಲ. ಬಂದಿದ್ದೀಯಲ್ಲ." ಅವ್ವ ಗೋಡೆ ಹಿಡಿದು ಬಾಗಿಲ ತನಕ ಹೋಗಿ, ತಡಕಿ ಮಣೆ ಎತ್ತಿಕೊಂಡು ಬಂದು ಒಲೆಯ ಪಕ್ಕ ಹಾಕಿದಳು. ಕಣ್ಣೊರೆಸಿಕೊಂಡಳು. "ಕೈಕಾಲು ತೊಳ್ಕೊಂಡು ಇಲ್ಲಿ ಕೂತ್ಕೊ. ಬಿಸಿಬಿಸಿ ಮುದ್ದೆ ಐತೆ, ಉಂಡುಬಿಡು."

ಇಂಚರ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತಳು. ಮಾರನೆಯ ದಿನದಿಂದ ಅವ್ವ ಬಾಗಿಲಿಗೆ ಬಂದು ಕೂರಲಿಲ್ಲ.